ನೂರು ವರ್ಷದ ಹೊಸ ರೇಲಿಂಗು

ಗುರುಲಿಂಗಪ್ಪನ ಗ್ರಹಚಾರ ಕೆಟ್ಟದ್ದು ಹುಣಸೆಹಣ್ಣಿನಿಂದ. ಅದೂ ಹೆತ್ತ ತಾಯಿಯೇ ಪ್ರೀತಿಯಿಂದ ನೆನೆಸಿಟ್ಟ ಹುಣಸೆಹಣ್ಣಿನಿಂದ.

ಖಂಡೇನವಮಿಯ ದಿನ ಬೆಳಗ್ಗೆ ಹಲ್ಲುಜ್ಜುತ್ತ ನಾಸಿಕ್‌ನ ಅಂಬಡ್ ಬಡಾವಣೆಯ ತನ್ನ ವರ್ಕ್‌ಶಾಪಿನ ಅಂಗಳಕ್ಕೆ ಬಂದವನಿಗೆ ಕಣ್ಣು ಕುಕ್ಕಿತು. ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದ ರೇಲಿಂಗಿನ ತುಂಡುಗಳೆಲ್ಲ ಎಳೆ ಬಿಸಿಲಿಗೆ ಮದುವೆಗೆ ತಂದ ಹೊಸ ಸ್ಟೀಲ್ ತಾಟಿನ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ನಡುವೆ ತಾಯಿ ಗುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ಗುರುಲಿಂಗಪ್ಪನ ಬಾಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು.

"ಯವ್ವಾ, ಏನ್ ಮಾಡ್ದಿ ಇದು?"

"ನಾ ಒಬ್ಬಾಕಿ ಏನ್ ಮಾಡ್ಲೋ? ಓಣಿ ಹೆಣ್ಮಕ್ಕಳೆಲ್ಲಾ ಬಂದಿದ್ರು. ನಿನ್ನಿ ನೀ ಜಿಮಖಾನಾಕ್ಕ ಹೋಗಿ ಕತ್ತಲಾದ ಮ್ಯಾಲ ಬರೂದ್ರಾಗ ತಿಕ್ಕಿ ಮುಗಿಸೀವಿ ನೋಡು. ಹುಣಸಿಹಣ್ಣು, ಬೂದಿ, ಮ್ಯಾಲ ಮರಳು. ಖಂಡೇಪೂಜಿ ಬಂತು, ನೀ ನೋಡಿದ್ರ ಮನ್ಯಾನ ಕಬ್ಬಣಕ್ಕೆಲ್ಲಾ ಜಂಗ ಹಿಡಿಸಿ ಇಟ್ಟೀದಿ. ಲಕ್ಷ್ಮಿ ಹ್ಯಾಂಗ ಬರ್ತಾಳ ಅಂತೀನಿ?"

"ಆ ಜಂಗ ನಾನೇ ಹಿಡಿಸಿದ್ದವ್ವಾ! ಅದೇ ಕೆಲಸ!"

"ಹೋಗೋ ಹುಚ್ಚಾ. ಜಂಗ ಯಾರರೆ ಬೇಕಂತ ಹಿಡಸ್ತಾರೇನು?"

ಹಿಡಿಸುತ್ತಾರೆ. ನಾಸಿಕ್ ರೋಡಿನ ಹಳೇ ಸ್ಟೇಷನ್ ಜಿಮಖಾನಾದವರು ಹಿಡಿಸುತ್ತಾರೆ. ಅದು ಇಂಗ್ಲಿಷರು ಕಟ್ಟಿಸಿದ ಆಟದ ಮೈದಾನ. ಅವರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರಂತೆ. ಅವರು ಹೋದ ಮೇಲೆ ನಮ್ಮವರು ಕುಸ್ತಿ ಆಡತೊಡಗಿದರು. ಗ್ಯಾಲರಿಯ ಮುಂದಿದ್ದ ಕಬ್ಬಿಣದ ರೇಲಿಂಗು ಯಾವ ಕಾಲದಲ್ಲಿ ಯಾವ ಗುಜರಿಗೆ ಹೋಯಿತೋ ದೇವರೇ ಬಲ್ಲ, ಉಳಿದದ್ದು ಒಂದು ಫೋಟೊ ಮಾತ್ರ. ಈಗ ಜೀರ್ಣೋದ್ಧಾರ ಶುರುವಾದಾಗ ಪುರಾತತ್ವದ ಕಚೇರಿಯವರು ಒಂದು ಷರತ್ತು ಹಾಕಿದರು. ರೇಲಿಂಗು ಫೋಟೊದಲ್ಲಿದ್ದ ಹಾಗೇ ಇರಬೇಕು, ಹೊಸದಾಗಿರಬೇಕು, ಆದರೆ ಹೊಸದೆಂದು ಕಾಣಬಾರದು.

ಜೀವನವಿಡೀ ಕಿಟಕಿಗೆ ಜಾಳಿಗೆ, ಬಾಗಿಲಿಗೆ ಸೇಫ್ಟಿ ಡೋರ್ ಮಾಡಿಕೊಂಡಿದ್ದ ಗುರುಲಿಂಗಪ್ಪ ಈ ಕೆಲಸವನ್ನು ಮೈಮರೆತು ಮಾಡಿದ. ಸರಳು ಕಾಯಿಸಿ ತಿರುಚಿದ, ತಾವರೆ ಅರಳಿಸಿದ, ಬಳ್ಳಿ ಹಬ್ಬಿಸಿದ. ಆಮೇಲೆ ಉಪ್ಪುನೀರು ಚಿಮುಕಿಸಿ, ಒಣಗಿಸಿ, ಮತ್ತೆ ಚಿಮುಕಿಸಿ, ಬಾಣಂತಿ ಕೂಸಿಗೆ ಎಣ್ಣೆ ತೀಡುವಷ್ಟು ಜತನದಿಂದ ಅದಕ್ಕೆ ತುಕ್ಕಿನ ಬಣ್ಣ ತಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಇಲ್ಲಿ ಮಡಿ ಉಟ್ಟು ಬಂದಿತ್ತು, ಅಷ್ಟೇ.

ಇಷ್ಟೆಲ್ಲ ಅವನು ಮಾಡಿದ್ದು ಒಂದು ಹಿತ್ತಾಳೆ ಫಲಕಕ್ಕಾಗಿ. ಅಂಬಡ್‌ನ ಅರ್ಧ ಕಿಟಕಿಗಳಿಗೆ ಅವನದೇ ಜಾಳಿಗೆ. ಒಂದರ ಮೇಲೂ ಅವನ ಹೆಸರಿಲ್ಲ. ಕಳ್ಳ ಒಳಗೆ ಬರದಿದ್ದರೆ ಜಾಳಿಗೆ ಮಾಡಿದವನನ್ನು ಯಾರೂ ನೆನೆಯುವುದಿಲ್ಲ, ಬಂದರೆ ತಪ್ಪದೆ ನೆನೆಯುತ್ತಾರೆ. ಜಿಮಖಾನಾದ ಸೆಕ್ರೆಟರಿ ಬಿಂದುಮಾಧವರಾಯರು ಬೀದರ್ ಕಡೆಯವರು, ಇಲ್ಲಿನ ಸರ್ಕಾರಿ ಪ್ರೆಸ್ಸಿನಲ್ಲಿ ನೋಟು ಅಚ್ಚು ಹಾಕಿ ನಿವೃತ್ತರಾದವರು. ಅವರು ತಾವಾಗಿಯೇ, "ಗುರುಲಿಂಗಪ್ಪ, ನಿಮ್ಮ ಹೆಸರು ಇಲ್ಲಿ ಹಾಕಸ್ತೀನ್ರಿ" ಎಂದಿದ್ದರು. ಹೇಳಿದ ಹಾಗೆ 'ಲೋಹಕಾಮ: ಗುರುಲಿಂಗಪ್ಪ', ಅಂದರೆ ಕಬ್ಬಿಣದ ಕೆಲಸ ಇವನದು ಎಂದು ಮರಾಠಿಯಲ್ಲಿ ಕೊರೆಸಿ ಗ್ಯಾಲರಿಯ ಮೊದಲ ಕಂಬಕ್ಕೆ ಕೂರಿಸಿಯೂ ಆಗಿತ್ತು. ಇವತ್ತು ಮಧ್ಯಾಹ್ನದ ಮೇಲೆ ಸಂಭಾಜಿನಗರದಿಂದ ಪುರಾತತ್ವದ ಅಧಿಕಾರಿ ಬಂದು ಒಪ್ಪಿದರೆ ಫಲಕ ಉಳಿಯುತ್ತದೆ, ಮುಂದಿನ ದೊಡ್ಡ ಗೇಟಿನ ಕೆಲಸವೂ ಅವನಿಗೇ. ಒಪ್ಪದಿದ್ದರೆ ಫಲಕ ಬಿಚ್ಚಿ ಕೈಗೆ ಕೊಡುತ್ತಾರೆ.

ಗಂಡ ಸತ್ತ ಮೇಲೆ ಹುಮನಾಬಾದ್ ಬಿಟ್ಟು ಬಂದು, ಲಾಸಲಗಾಂವ್‌ನ ಮಂಡಿಯಲ್ಲಿ ಉಳ್ಳಾಗಡ್ಡಿ ಆರಿಸಿ ಇವನನ್ನು ಬೆಳೆಸಿದವಳು ಗುಂಡವ್ವ. ಅವಳಿಗೆ ಓದು ಬಾರದು. ಆದರೂ ಇವತ್ತು ಸಂಜೆ ಬಂದು ಮಗನ ಹೆಸರನ್ನು ಕೈಯಿಂದ ಸವರಿಯೇ ನೋಡುತ್ತೇನೆಂದು ಊರಿಗೆಲ್ಲ ಫೋನು ಮಾಡಿ ಹೇಳಿದ್ದಳು. ಅಂಥ ತಾಯಿಯ ಮೇಲೆ ಬೆಳಬೆಳಗ್ಗೆ ಕಿರುಚಿದೆನಲ್ಲ ಎಂದು ಗುರುಲಿಂಗಪ್ಪ ಪೇಚಾಡಿಕೊಂಡ. ಕಿರುಚದೆ ಇರುವುದೂ ಕಷ್ಟವಾಗಿತ್ತು.

"ಆಗ್ಲಿ ಬಿಡವ್ವಾ. ಪಾನಾ, ಸುತ್ತಗಿ ಎಲ್ಲಿಟ್ಟೀದಿ? ಹೋಗಿ ಜೋಡಿಸ್ತೀನಿ."

ಗುಂಡವ್ವ ದೇವರ ಮನೆಯ ಕಡೆ ತೋರಿಸಿದಳು. ವರ್ಕ್‌ಶಾಪಿನ ಸ್ಪ್ಯಾನರು, ಸುತ್ತಿಗೆ, ಡ್ರಿಲ್ಲು, ವೆಲ್ಡಿಂಗ್ ಹೋಲ್ಡರು ಎಲ್ಲವೂ ಹೂವು ಮುಡಿದುಕೊಂಡು ಕಂಬಳಿಯ ಮೇಲೆ ಮಲಗಿದ್ದವು. ಮುಂದೆ ದೀಪ ಉರಿಯುತ್ತಿತ್ತು.

"ಪೂಜಿ ಆಗ್ಯಾದ. ನಾಳಿಗಿ ದಸರಾದಾಗೇ ಎತ್ತೂದು. ಇವತ್ತ ಮುಟ್ಟಿದ್ರ ನನ್ನ ಮ್ಯಾಲ ಆಣಿ."

ಕೂಲಿಯವರಿಗೂ ಅವತ್ತು ಸೂಟಿ. ಗುರುಲಿಂಗಪ್ಪ ಹೊಳೆಯುವ ರೇಲಿಂಗನ್ನು ಟೆಂಪೊಗೆ ಏರಿಸಿಕೊಂಡು, ಕೈಯಲ್ಲಿ ಒಂದು ಸ್ಕ್ರೂ ಡ್ರೈವರೂ ಇಲ್ಲದೆ ನಾಸಿಕ್ ರೋಡಿಗೆ ಹೊರಟ.

ಜಿಮಖಾನಾದ ಎದುರಿಗೇ ಜಯರಾಮನ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯ ಮನುಷ್ಯ. ಗಲ್ಲಾದಲ್ಲಿ ಕೂತರೂ ಕಣ್ಣು ಸದಾ ಬೀದಿಯ ಮೇಲೆ. ಮರುದಿನದ ಕುಸ್ತಿಗೆ ಬಂದಿದ್ದ ಪೈಲ್ವಾನರು ಟೆಂಪೊದಿಂದ ತುಂಡುಗಳನ್ನು ಹಪ್ಪಳದ ಹಾಗೆ ಎತ್ತಿ ಇಳಿಸುವಾಗ ಅವನು ಹೊರಗೆ ಬಂದ.

"ಎಂತ ಗುರುಲಿಂಗಪ್ಪನವ್ರೇ, ಆಸ್ಪತ್ರೆಗೆ ಮಂಚ ಮಾಡಿ ತಂದ್ರಾ?"

ಗುರುಲಿಂಗಪ್ಪ ಗ್ಯಾಲರಿಯ ಮೆಟ್ಟಿಲ ಮೇಲೆ ಕೂತು ನಡೆದದ್ದನ್ನು ಹೇಳಿದ. ಹಿಂದಿನ ದಿನವೇ ಕೂರಿಸಿದ್ದ ತುಕ್ಕಿನ ಕಂಬಗಳ ನಡುವೆ ಹೊಳೆಯುವ ತುಂಡುಗಳನ್ನು ಇಟ್ಟು ನೋಡಿದರೆ ಅಜ್ಜನ ಬಾಯಿಗೆ ಹೊಸ ಹಲ್ಲು ಕಟ್ಟಿಸಿದ ಹಾಗಿತ್ತು. ಬಿಂದುಮಾಧವರಾಯರು ಸ್ಕೂಟರಿನಿಂದ ಇಳಿದವರು ಅದನ್ನು ನೋಡಿ ಹೆಲ್ಮೆಟ್ ತೆಗೆಯುವುದನ್ನೇ ಮರೆತರು.

"ಇದೇನ್ರೀ ಇದು? ಸಾಹೇಬ್ರು ಹೊಸಬ್ರು. ಹಳೇ ಸಾಹೇಬ್ರ ಬದಲಿ ಮೊನ್ನೆ ಚಾರ್ಜ್ ತಗೊಂಡಾರ. ಭಾಳ ಕಡಕ್ ಅಂತ. ಇದನ್ನ ನೋಡಿದ್ರ ನಿಮ್ಮ ಫಲಕದ ಜೋಡಿ ನನ್ನೂ ಬಿಚ್ಚಿ ಕಳಸ್ತಾರ!"

ಕಷ್ಟ ಒಬ್ಬನದಾದರೆ ಉಪಾಯ ಊರಿನದು. ಒಬ್ಬ ಪೈಲ್ವಾನ ಹುಳಿ ಮಜ್ಜಿಗೆ ಎಂದ, ಇನ್ನೊಬ್ಬ ಲಿಂಬೆ ಎಂದ. ದಾರಿಯಲ್ಲಿ ಹೋಗುತ್ತಿದ್ದ ರಿಕ್ಷಾದವನು ಗಾಡಿ ನಿಲ್ಲಿಸಿ, ನನ್ನ ರಿಕ್ಷಾ ಒಂದು ಮಳೆಗಾಲ ಹೊರಗೆ ನಿಂತಿತ್ತು, ಏನೂ ಮಾಡದೆ ತಾನಾಗಿ ತುಕ್ಕು ಹಿಡಿಯಿತು ಎಂದು ಹೇಳಿ ಹೋದ. ಕೊನೆಗೆ ಜಯರಾಮ ತೊಡೆ ತಟ್ಟಿದ.

"ಹೋಯ್, ನಮ್ಮ ಮಿಡಿ ಉಪ್ಪಿನಕಾಯಿ ಡ್ರಮ್ಮಿನ ನೀರು ಉಂಟಲ್ಲ! ಮುಚ್ಚಳಕ್ಕೆ ತಗಡು ಹಾಕಿದ್ದೆ, ಆ ತಗಡನ್ನೇ ತಿಂದು ಹಾಕಿದೆ ಮಾರಾಯ್ರೆ. ವಾರಿಜಾ! ಆ ನೀರು ಚೆಲ್ಬೇಡ!"

ಅಡುಗೆಮನೆಯಿಂದ ಅವನ ಹೆಂಡತಿ ವಾರಿಜಾಕ್ಷಿಯ ದನಿ ಬಂತು. "ಮಿಡಿ ಎಲ್ಲ ತೆಗ್ದಾಯ್ತು. ಬೇಕಾದ್ರೆ ಕೊಂಡ್ಹೋಗಿ. ಆದ್ರೆ ಡ್ರಮ್ಮು ತೊಳ್ದು ವಾಪಸ್ ಕೊಡ್ಬೇಕು, ಈಗ್ಲೇ ಹೇಳ್ತೇನೆ."

ಮೊದಲು ತುಂಡುಗಳನ್ನು ಕಂಬಕ್ಕೆ ಬಿಗಿಯಬೇಕಿತ್ತು. ಅದಕ್ಕೆ ಸ್ಪ್ಯಾನರು ಬೇಕು. ಜಯರಾಮನ ಹತ್ತಿರ ಗ್ಯಾಸ್ ಸಿಲಿಂಡರಿನದೊಂದಿತ್ತು. ಅದು ಗ್ರೈಂಡರಿನ ಮಗ್ಗುಲಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ವಾರಿಜಾಕ್ಷಿ ಅಡ್ಡ ನಿಂತಳು. ಕೊನೆಗೆ ನೆನಪಾದದ್ದು ರಾಯರ ಸ್ಕೂಟರು. ವಾಹನಕ್ಕೆ ಪೂಜೆ ಮರುದಿನ ದಸರೆಗೆ, ಹಾಗಾಗಿ ಡಿಕ್ಕಿಯೊಳಗಿನ ಕಿರಿಬೆರಳಿನಷ್ಟು ಉದ್ದದ ಸ್ಪ್ಯಾನರು ಇನ್ನೂ ದೇವರಾಗಿರಲಿಲ್ಲ. ಅದೊಂದರಿಂದಲೇ ಗುರುಲಿಂಗಪ್ಪ ಗ್ಯಾಲರಿಯ ಉದ್ದಕ್ಕೂ ನಟ್ಟು ಬಿಗಿದ. ಬಿಗಿದು ಮುಗಿಸುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಆಮೇಲೆ ಉಪ್ಪಿನಕಾಯಿ ನೀರಿನ ಅಭಿಷೇಕ. ಪೈಲ್ವಾನರು ಜಗ್ಗುಗಳಲ್ಲಿ ಮೊಗೆದು ಎರಚಿದರು, ಬಿಸಿಲು ಚೆನ್ನಾಗಿ ಕಾದಿತ್ತು. ಊಟದ ಹೊತ್ತಿಗೆ ಕಬ್ಬಿಣದ ಮೇಲೆ ತುಕ್ಕು ಎದ್ದಿತು. ಎದ್ದದ್ದೇನೋ ಸರಿ, ಆದರೆ ಬಣ್ಣ ಜಿಲೇಬಿಯದು.

"ಇದು ನೂರು ವರ್ಷದ್ದಲ್ರೀ, ಬರೇ ಹತ್ತು ನಿಮಿಷದ್ದು ಅಂತ ಕುರುಡಗೂ ತಿಳೀತದ" ಎಂದರು ರಾಯರು.

ಗುರುಲಿಂಗಪ್ಪನ ಕೈಯಲ್ಲಿ ಜಯರಾಮ ಕೊಟ್ಟ ಚಹಾ ಇತ್ತು. ರಾಯರ ಕಡೆ ತಟ್ಟನೆ ತಿರುಗುವಾಗ ಲೋಟ ಸರಳಿಗೆ ತಗುಲಿ ಅರ್ಧ ಚಹಾ ರೇಲಿಂಗಿನ ಮೇಲೆ ಚೆಲ್ಲಿತು. ಚೆಲ್ಲಿದ ಜಾಗ ನೋಡನೋಡುತ್ತಿದ್ದ ಹಾಗೆ ಕಂದಿ ಕಪ್ಪಾಯಿತು. ಅವನು ಲೋಟ ಎಸೆದು ಹೋಟೆಲಿಗೆ ಓಡಿದ. ಬೆಳಗಿನಿಂದ ಸೋಸಿ ಗುಡ್ಡೆ ಹಾಕಿದ್ದ ಚಹಾದ ಚರಟವನ್ನೆಲ್ಲ ನೀರಿನಲ್ಲಿ ಕುದಿಸಿ, ಹಳೆ ಗೋಣಿಚೀಲ ಅದ್ದಿ, ಎಲ್ಲರೂ ಸೇರಿ ಒರೆಸಿದರು. ಒರೆಸುತ್ತ ಹೋದ ಹಾಗೆ ಜಿಲೇಬಿ ಬಣ್ಣ ಇಳಿದು, ಎಲ್ಲೋ ಕಂದು, ಎಲ್ಲೋ ಕಪ್ಪು, ತಾವರೆಯ ಎಸಳಿನ ಸಂದಿಯಲ್ಲಿ ಮಾತ್ರ ಕೆಂಪು ಉಳಿದು, ರೇಲಿಂಗಿಗೆ ನಿಜವಾಗಿಯೂ ಮುಪ್ಪು ಬಂತು. ತಾನು ಅಷ್ಟು ದಿನ ಕೂತು ಹಿಡಿಸಿದ ತುಕ್ಕಿಗಿಂತ ಇದೇ ಚಂದವಾಗಿತ್ತು. ಗುರುಲಿಂಗಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ಅವ್ವ ತಿಕ್ಕಿದ್ದೂ ಒಳ್ಳೆಯದೇ ಆಯಿತು ಎಂದುಕೊಂಡ.

ಆಗ ಅವನ ಕಣ್ಣು ಫಲಕದ ಮೇಲೆ ಬಿತ್ತು. ಪೈಲ್ವಾನರು ಎರಚಿದ ಉಪ್ಪುನೀರು ಅದಕ್ಕೂ ಸಿಡಿದು, ಹಿತ್ತಾಳೆ ಕಪ್ಪಿಟ್ಟು, ಅಕ್ಷರದ ಗೀರುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಒರೆಸಲು ಅಂಗಿಯ ತುದಿ ಹಿಡಿದದ್ದೇ ತಡ, ರಾಯರು ಕೂಗಿದರು.

"ಅದನ್ನ ಬಿಡ್ರೀ ಗುರುಲಿಂಗಪ್ಪ! ಮೊದ್ಲ ದನಾ ಓಡಿಸ್ರಿ, ದನಾ!"

ಬೀದಿಯ ಆಕಳುಗಳಿಗೆ ಉಪ್ಪಿನ ವಾಸನೆ ಹತ್ತಿತ್ತು. ಒಂದು ಮೊದಲ ತಾವರೆಯನ್ನು ನೆಕ್ಕುತ್ತಿತ್ತು, ಇನ್ನೊಂದು ಬಳ್ಳಿಗೆ ಬಾಯಿ ಹಾಕಿತ್ತು, ಹಿಂದೆ ಇನ್ನೆರಡು ಸರದಿಗೆ ನಿಂತಿದ್ದವು. ಗುರುಲಿಂಗಪ್ಪ ಗೋಣಿಚೀಲ ಬೀಸುತ್ತ ಹೈ, ಹೈ ಎಂದು ಓಡಾಡುತ್ತಿರುವಾಗಲೇ ಸಂಭಾಜಿನಗರದ ಜೀಪು ಬಂದು ನಿಂತಿತು.

ಅಧಿಕಾರಿಯ ಹೆಸರು ಅಭಿಜಿತ್. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಮರಾಠಿಯಲ್ಲಿ ನಮಸ್ಕಾರ ಹೇಳಿ ನೇರ ರೇಲಿಂಗಿನ ಹತ್ತಿರ ಹೋದ. ಹಳೆಯ ಫೋಟೊ ತೆಗೆದು ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ. ತಾವರೆಯನ್ನು ಬೆರಳಿನಿಂದ ತಟ್ಟಿದ. ಬಗ್ಗಿ ಮೂಸಿದ. ಜಯರಾಮ ಹೋಟೆಲಿನ ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತ.

"ಅದ್ಭುತ" ಎಂದ ಅಭಿಜಿತ್.

ಗುರುಲಿಂಗಪ್ಪನ ಮುಖ ಅರಳಿತು.

"ಮೂಲ ರೇಲಿಂಗು ಕಳೆದುಹೋಗಿದೆ ಅಂತ ನನಗೆ ಹೇಳಿದ್ದರು. ಇಲ್ಲೇ ಇದೆಯಲ್ಲ! ಎಲ್ಲಿ ಸಿಕ್ಕಿತು ಇದು?"

"ಸಿಕ್ಕಿದ್ದಲ್ರಿ ಸಾಹೇಬ್ರ, ನಾ ಮಾಡಿದ್ದು" ಎಂದ ಗುರುಲಿಂಗಪ್ಪ ತನ್ನ ಮರಾಠಿಯಲ್ಲಿ.

ಅಭಿಜಿತ್ ನಕ್ಕ. "ಹೊಸದು ನೀವು ಮಾಡಿದ್ದು, ಸರಿ. ಅದೆಲ್ಲಿದೆ?"

"ಇದೇರಿ ಹೊಸಾದು!"

"ಇದೇ ವಿಷಯ ಓದಿ ಬಂದವನು ನಾನು. ಹಳೆ ಉಗ್ರಾಣದ ವಾಸನೆ ಕೂಡ ಇನ್ನೂ ಹೋಗಿಲ್ಲ. ಆ ದನಗಳನ್ನು ನೋಡಿ. ಹಳೆ ಕಬ್ಬಿಣದ ಲವಣ ಮನುಷ್ಯನಿಗೆ ಗೊತ್ತಾಗದಿದ್ದರೂ ಅವಕ್ಕೆ ಗೊತ್ತಾಗುತ್ತದೆ. ಸೆಕ್ರೆಟರಿ ಸಾಹೇಬರೇ, ಮೂಲ ರೇಲಿಂಗು ಸಿಕ್ಕಿತು ಅಂದರೆ ನಿಮ್ಮ ಜಿಮಖಾನಾ ಮೊದಲ ದರ್ಜೆಯ ಪಟ್ಟಿಗೆ ಸೇರುತ್ತದೆ. ಛಾವಣಿಯಿಂದ ಹಿಡಿದು ಪಾಯಿಖಾನೆವರೆಗೂ ಸರ್ಕಾರವೇ ರಿಪೇರಿ ಮಾಡಿಸುತ್ತದೆ. ಸುಮ್ಮನೆ ಯಾಕೆ ಮುಚ್ಚಿಡುತ್ತೀರಿ?"

ಬಿಂದುಮಾಧವರಾಯರು ಒಮ್ಮೆ ಮಳೆಗಾಲವಿಡೀ ಸೋರಿದ ಛಾವಣಿ ನೋಡಿದರು, ಒಮ್ಮೆ ಗುರುಲಿಂಗಪ್ಪನನ್ನು ನೋಡಿದರು. ಛಾವಣಿ ದೊಡ್ಡದಿತ್ತು.

"ಹೌದು ಸಾಹೇಬರೇ. ಹಿಂದಿನ ಗೋದಾಮಿನಲ್ಲಿ ಸಿಕ್ಕಿತು" ಎಂದರು.

"ರಾಯರ!" ಎಂದು ಗುರುಲಿಂಗಪ್ಪ ಚೀರಿದ.

"ಸುಮ್ಮಕಿರ್ರಿ" ಎಂದು ರಾಯರು ಕನ್ನಡದಲ್ಲಿ ಪಿಸುಗುಟ್ಟಿದರು. "ಪಾಸ್ ಆಯ್ತಿಲ್ರಿ? ಮತ್ತೇನ್ ಬೇಕು?"

ಬೇಕಾಗಿತ್ತು. ಗುರುಲಿಂಗಪ್ಪ ಮೆತ್ತನೆಯ ಮನುಷ್ಯ, ಆದರೆ ಇದು ಅವನ ಜೀವಮಾನದ ಕೆಲಸ. ಜೇಬಿನಲ್ಲಿದ್ದ ಸ್ಕೂಟರಿನ ಸ್ಪ್ಯಾನರು ತೆಗೆದು ಒಂದು ಸರಳನ್ನು ಕರಕರ ಕೆರೆದುಬಿಟ್ಟ. ತುಕ್ಕು ಉದುರಿ, ಒಳಗಿನ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು.

"ನೋಡ್ರಿ ಸಾಹೇಬ್ರ! ಈಗರೆ ನಂಬ್ತೀರಿಲ್ಲೋ?"

ಅಭಿಜಿತ್ ಬಗ್ಗಿ ನೋಡಿದ. ಕನ್ನಡಕ ತೆಗೆದು ಮತ್ತೆ ನೋಡಿದ. ಆಮೇಲೆ ಸುತ್ತ ನಿಂತವರನ್ನೆಲ್ಲ ಹತ್ತಿರ ಕರೆದ.

"ನೋಡಿದಿರಾ? ಆ ಕಾಲದ ಕಬ್ಬಿಣ ಅಂದರೆ ಇದು! ನೂರು ವರ್ಷ ಬಿಸಿಲು ಮಳೆ ಕುಡಿದರೂ ಒಳಗೆ ಹೇಗಿದೆ! ಈಗಿನವರಿಗೆ ಸಾಧ್ಯವೇ ಇದು?" ಎಂದವನು ಗುರುಲಿಂಗಪ್ಪನ ಕಡೆ ತಿರುಗಿದ. ದನಿ ಬದಲಾಗಿತ್ತು. "ಮತ್ತೆ ನೀವು. ಪುರಾತನ ವಸ್ತುವನ್ನು ಕೆರೆಯುವುದು ಅಪರಾಧ. ಇದೊಂದು ಸಲ ಬಿಡುತ್ತೇನೆ. ಇನ್ನೊಮ್ಮೆ ಇದರ ಮೇಲೆ ಕೈ ಹಾಕಿದರೆ ಕೇಸು."

ಗುರುಲಿಂಗಪ್ಪ ಕೊನೆಯ ಅಸ್ತ್ರವಾಗಿ ಮೊದಲ ಕಂಬದ ಕಡೆ ಬೆರಳು ಮಾಡಿದ. ಫಲಕ ಇದೆಯಲ್ಲ! ಅಭಿಜಿತ್ ಹೋಗಿ ಕಿಲುಬು ಹಿಡಿದ ಅಕ್ಷರಗಳನ್ನು ನಿಧಾನವಾಗಿ ಓದಿದ. ಅವನ ಮುಖದಲ್ಲಿ ಭಕ್ತಿ ಮೂಡಿತು.

"ಕಾರಿಗರನ ಹೆಸರೂ ಇದೆ! ಇಂಗ್ಲಿಷರ ಕಾಲದಲ್ಲಿ ನಮ್ಮವನೊಬ್ಬನ ಹೆಸರು! ಯಾರಿರಬಹುದು ಈ ಗುರುಲಿಂಗಪ್ಪ?"

"ನಾನೇರಿ!" ಗುರುಲಿಂಗಪ್ಪ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿದ.

ಅಭಿಜಿತ್ ಕಾರ್ಡು ನೋಡಿದ, ಫಲಕ ನೋಡಿದ. ಕಣ್ಣು ಅಗಲವಾಯಿತು. "ಕರ್ನಾಟಕದವರಾ? ನಿಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರಲ್ಲ? ನಿಮ್ಮ ಅಜ್ಜನ ಹೆಸರೇನು?"

ಗುರುಲಿಂಗಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಗುರುಲಿಂಗಪ್ಪ" ಎಂದ.

"ಹಾಗೆ ಹೇಳಿ!"

ಅಜ್ಜ ಗುರುಲಿಂಗಪ್ಪ ಹುಮನಾಬಾದಿನಲ್ಲಿ ಎಲೆ ಅಡಿಕೆ ಮಾರುತ್ತಿದ್ದವರು. ಅಡಕತ್ತರಿ ಬಿಟ್ಟರೆ ಬೇರೆ ಕಬ್ಬಿಣ ಮುಟ್ಟಿದವರಲ್ಲ, ನಾಸಿಕ್ ನೋಡಿದವರಂತೂ ಅಲ್ಲವೇ ಅಲ್ಲ. ಇದನ್ನು ಗುರುಲಿಂಗಪ್ಪ ಎರಡು ಭಾಷೆಗಳಲ್ಲಿ ಹೇಳಿ ನೋಡಿದ. ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಅಭಿಜಿತ್ ಅವನ ಹೆಗಲ ಮೇಲೆ ಕೈಯಿಟ್ಟು, "ಅಂಥ ಅಜ್ಜನ ಕೆಲಸವನ್ನು ಸ್ಪ್ಯಾನರಿನಿಂದ ಕೆರೆಯಲು ಮನಸ್ಸು ಹೇಗೆ ಬಂತು ನಿಮಗೆ?" ಎಂದು ನೊಂದು ಕೇಳಿದ.

ಗೇಟಿನ ಕೆಲಸದ ಮಾತನ್ನು ರಾಯರೇ ಮೆಲ್ಲಗೆ ಎತ್ತಿದರು. ಅವರಿಗೂ ಒಳಗೊಳಗೆ ಚುಚ್ಚುತ್ತಿತ್ತು. ಅಭಿಜಿತ್ ಅಡ್ಡಡ್ಡ ತಲೆಯಾಡಿಸಿದ. ಇಂಥ ರೇಲಿಂಗಿನ ಮಗ್ಗುಲಲ್ಲಿ ಕಿಟಕಿ ಜಾಳಿಗೆ ಮಾಡುವವರ ಗೇಟು ಒಪ್ಪುವುದಿಲ್ಲ, ಸಂಭಾಜಿನಗರದಿಂದ ಒಳ್ಳೆಯ ಕಾರಿಗರನನ್ನು ಕಳಿಸುತ್ತೇನೆ ಎಂದ. ಆಮೇಲೆ ಗ್ಯಾಲರಿಯ ಸೀಟುಗಳಿಗೆ ನಂಬರು ಬರೆಯುತ್ತಿದ್ದ ಪೇಂಟರನ್ನು ಕರೆದು, ಫಲಕದ ಮೇಲ್ಗಡೆ ದೊಡ್ಡದೊಂದು ಬೋರ್ಡು ಬರೆಯಲು ಹೇಳಿ, ತಾನೇ ನಿಂತು ಬರೆಸಿ, ಜೀಪು ಹತ್ತಿ ಹೋದ.

ಬಣ್ಣ ಆರುವ ಮೊದಲೇ ಗುಂಡವ್ವ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಹೋಳಿಗೆ ಡಬ್ಬಿ ಇತ್ತು. ರೇಲಿಂಗು ಮತ್ತೆ ತುಕ್ಕು ಹಿಡಿದು ನಿಂತದ್ದನ್ನು ಕಂಡು ನಿಟ್ಟುಸಿರು ಬಿಟ್ಟಳು. ಆದರೆ ಬೋರ್ಡು ಕಂಡೊಡನೆ ಎಲ್ಲ ಮರೆತಳು.

"ಅಯ್ಯ, ಸಣ್ಣ ಫಲಕ ಅಂದಿದ್ದಿ. ಇದು ಕುಸ್ತಿ ಬೋರ್ಡಿನಷ್ಟು ದೊಡ್ಡದು ಅದ! ಇದ್ರಾಗ ನಿನ್ನ ಹೆಸರು ಯಾವುದೋ?"

ಗುರುಲಿಂಗಪ್ಪ ಕೊನೆಯ ಪದವನ್ನು ತೋರಿಸಿದ. ಅವಳು ಹಸಿ ಬಣ್ಣ ಬೆರಳಿಗೆ ಹತ್ತುವುದನ್ನೂ ಲೆಕ್ಕಿಸದೆ ಅದನ್ನು ಮೆಲ್ಲಗೆ ಸವರಿದಳು. ಕಣ್ಣು ತುಂಬಿ ಬಂತು.

"ಖರೇನೋ ಬರದಾರ. ಮತ್ತ ಹೆಸರಿನ ಹಿಂದ ಇಷ್ಟುದ್ದ ಏನೋ ಅದ ಅಲ್ಲ, ಅದೇನು?"

ಬೋರ್ಡಿನ ಮೇಲೆ ಮರಾಠಿಯಲ್ಲಿ 'ಈ ಐತಿಹಾಸಿಕ ರೇಲಿಂಗಿನ ನಿರ್ಮಾತೃ ಕೈಲಾಸವಾಸಿ ಗುರುಲಿಂಗಪ್ಪ' ಎಂದಿತ್ತು. ಜಯರಾಮ ಬೇರೆ ಕಡೆ ನೋಡಿದ. ರಾಯರು ಹೆಲ್ಮೆಟ್ ಹಾಕಿಕೊಂಡರು.

"ಅದು ಬಿರುದವ್ವಾ" ಎಂದ ಗುರುಲಿಂಗಪ್ಪ. "ಸರಕಾರದವರು ಕೊಟ್ಟಾರ."

ಗುಂಡವ್ವ ಬೋರ್ಡಿಗೆ ಕೈಮುಗಿದಳು. ಮಗನ ತಲೆಯ ಮೇಲೆ ಕೈಯಿಟ್ಟು, "ಬಂಗಾರದಂಥಾ ಮಗ. ಇದೇ ಬಿರುದು ನಿನ್ನ ಮಕ್ಕಳಿಗೂ ಲಗೂನ ಸಿಗ್ಲಿ" ಎಂದು ಹರಸಿದಳು.

"ಅಷ್ಟ್ ಅವಸರ ಬ್ಯಾಡವ್ವಾ" ಎಂದ ಗುರುಲಿಂಗಪ್ಪ.